ಯಾರ ಮನೆಯ ಹೊಗೆ

ಹದ್ದಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ಲಾಯಿಲದ ಜಲಜಾಕ್ಷಿಗೆ ಮೈಯೆಲ್ಲ ಉರಿಯುತ್ತಿತ್ತು. ಹಿತ್ತಲಿನ ಗಡಿಯ ಧೂಪದ ಮರದಲ್ಲಿ, ಹಾವು ಹಿಡಿದು ತಿನ್ನುವ ಆ ದೊಡ್ಡ ಹದ್ದಿನ ಜೋಡಿ ಹೋದ ವರ್ಷವೂ ಗೂಡು ಕಟ್ಟಿತ್ತು. ಬೇಸಿಗೆ ಮಳೆಯ ಗಾಳಿಗೆ ಗೂಡು ಜಾರಿ, ರೆಕ್ಕೆ ಬಲಿಯದ ಒಂಟಿ ಮರಿ ಕೆಳಗೆ ಬಿದ್ದು ಸತ್ತಿತು. ಅದನ್ನು ಮಲ್ಲಿಗೆ ಗಿಡದ ಬುಡದಲ್ಲಿ ಹೂತ ದಿನ ಜಲಜಾಕ್ಷಿಗೆ ಅನ್ನ ಇಳಿದಿರಲಿಲ್ಲ. ಈ ವರ್ಷ ಅದೇ ಜೋಡಿ ಅದೇ ಮರಕ್ಕೆ ಬಂದು ಮತ್ತೆ ಮರಿ ಮಾಡಿದಾಗ, ಬಿ.ಸಿ.ರೋಡಿನಲ್ಲಿ ಹೋಟೆಲು ನಡೆಸುವ ಗಂಡ ಲೋಕನಾಥನ ಮುಂದೆ ಘೋಷಿಸಿಬಿಟ್ಟಳು.

"ಈ ಸಲ ಮರಿ ಹಾರಿಯೇ ಹಾರ್ತದೆ. ನಾನು ನೋಡಿಕೊಳ್ತೇನೆ."

"ನೀನೇನು ಅದರ ಅಜ್ಜಿಯಾ?" ಎಂದು ಅವನು ನಕ್ಕ.

"ಹೌದು, ಅಜ್ಜಿಯೇ. ಏನೀಗ?"

ಮಾರ್ಚ್ ತಿಂಗಳಲ್ಲಿ ಆ ಕಡೆ ಹೊಗೆಗೆ ಮರ್ಯಾದೆಯೇ ಇಲ್ಲ. ಮನೆಮನೆಯಲ್ಲೂ ಸುಡುಮಣ್ಣು ಮಾಡುತ್ತಾರೆ. ತರಗೆಲೆ, ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಅದು ಒಳಗೊಳಗೇ ಹೊಗೆಯಾಡುತ್ತ ಬೇಯುತ್ತದೆ. ಗಿಡದ ಬುಡಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಜಲಜಾಕ್ಷಿ ಮಲ್ಲಿಗೆಗೆಂದು ಹಾಕಿದ್ದಳು. ಗುಡ್ಡೆಯ ಬದಿಗಿರುವ ಮೇಲಿನ ಮನೆಯ ಜುಲೈಕಾ ಬಸಳೆಗೆಂದು ಹಾಕಿದ್ದಳು. ಹದ್ದಿಗೂ ಇದೆಲ್ಲ ಗೊತ್ತಿದ್ದುದೇ. ಹೊಗೆ ಗೂಡಿನ ತನಕ ಹೋದರೂ ಅದು ಕತ್ತು ತಿರುಗಿಸಿಯೂ ನೋಡುತ್ತಿರಲಿಲ್ಲ.

ಆದರೆ ಆ ಮಧ್ಯಾಹ್ನ ಹೊಗೆ ಅತಿಯಾಯಿತು. ತಾಯಿಹದ್ದು ಗೂಡಿನಲ್ಲಿ ಎದ್ದು ನಿಂತು, ರೆಕ್ಕೆ ಅಗಲಿಸಿ ಮರಿಯನ್ನು ಮುಚ್ಚಿಕೊಂಡಿತು. ಕಣ್ಣುಜ್ಜಿಕೊಳ್ಳುತ್ತ ಹೊರಬಂದ ಜಲಜಾಕ್ಷಿಗೆ ಸಿಟ್ಟು ನೆತ್ತಿಗೇರಿತು. ಸೀದಾ ಜುಲೈಕಾಗೆ ಫೋನು.

"ಏನೇ, ಊರನ್ನೇ ಸುಡ್ತೀಯಾ? ಮರಿಗೆ ಉಸಿರು ಕಟ್ತಾ ಉಂಟು. ನಿನ್ನ ಸುಡುಮಣ್ಣಿಗೆ ನೀರು ಹೊಯ್ಯಿ ಮಾರಾಯ್ತಿ!"

"ನಂದಾ? ನಾನು ನಿನ್ನೆಯೇ ನೀರು ಹೊಯ್ದು ಆರಿಸಿದ್ದೇನೆ ಜಲಜಕ್ಕ. ನಿಮ್ಮದೇ ಹೊಗೆ ಅಂತ ಸುಮ್ಮನಿದ್ದೆ. ಒಗೆದ ಬಟ್ಟೆಯೆಲ್ಲ ಹಾಳಾಯ್ತು, ಹೇಳಿದರೆ ನಿಮಗೆ ಬೇಜಾರಾಗ್ತದೆ ಅಂತ..."

ಜಲಜಾಕ್ಷಿ ತನ್ನ ಸುಡುಮಣ್ಣಿನ ರಾಶಿಯ ಕಡೆ ತಿರುಗಿದಳು. ಅದರಿಂದ ಏಳುತ್ತಿದ್ದುದು ಊದುಬತ್ತಿಯಷ್ಟು ಹೊಗೆ. ತಲೆಯೆತ್ತಿದಳು. ಕಾಜಾಣಗಳು ಒಂದರ ಹಿಂದೊಂದು ಗುಡ್ಡೆಯ ಕಡೆ, ಹೊಗೆ ದಟ್ಟವಾಗಿದ್ದಲ್ಲಿಗೇ ಹಾರುತ್ತಿದ್ದವು. ಸುಡುಮಣ್ಣಿನಲ್ಲಿ ಕಾಜಾಣಕ್ಕೇನು ಕೆಲಸ? ಒಣಹುಲ್ಲಿಗೆ ಬೆಂಕಿ ಬಿದ್ದರೆ ಮಿಡತೆಗಳು ದಡಬಡ ಏಳುತ್ತವೆ, ಅವನ್ನು ಹಿಡಿಯಲು ಕಾಜಾಣ ಸೇರುತ್ತದೆ. ಅವಳು ಫೋನಿಗೇ ಕಿರುಚಿದಳು.

"ಜುಲೈಕಾ, ಇದು ನಿಂದೂ ಅಲ್ಲ, ನಂದೂ ಅಲ್ಲ. ಗುಡ್ಡೆಗೆ ಬೆಂಕಿ ಬಿದ್ದಿದೆ!"

"ಯಾ ಅಲ್ಲಾ!"

ಗಂಡನಿಗೆ ಫೋನು ಮಾಡಿದರೆ, "ಯಾರದ್ದಾದರೂ ಸುಡುಮಣ್ಣು ಇರ್ಬೇಕು ಮಾರಾಯ್ತಿ" ಎಂದ. "ನಿಮ್ಮ ತಲೆ! ಅಗ್ನಿಶಾಮಕದವರಿಗೆ ಹೇಳಿ" ಎಂದು ಫೋನು ಕುಕ್ಕಿ ಗುಡ್ಡೆ ಹತ್ತಿದಳು.

ಮುಳಿಹುಲ್ಲು ಚಟಚಟ ಉರಿಯುತ್ತ ಇಳಿಯುತ್ತಿತ್ತು. ಅಲ್ಲಿಂದ ಜುಲೈಕಾಳ ಬೇಲಿ, ಬೇಲಿ ದಾಟಿದರೆ ಧೂಪದ ಮರ. ಆ ಮರದ ತೊಗಟೆಯಲ್ಲಿ ಅಂಟು. ಬೆಂಕಿ ಮುಟ್ಟಿದರೆ ಮುಗಿಯಿತು. ಜುಲೈಕಾಳ ಗಂಡ ಮೊಯಿದಿನಬ್ಬ ಗುದ್ದಲಿ ಹಿಡಿದು, ಬೆಂಕಿ ದಾಟದಂತೆ ಹುಲ್ಲು ಕೆರೆಯುತ್ತಿದ್ದ. ಹೆಂಗಸರಿಬ್ಬರೂ ಹಸಿ ಸೊಪ್ಪಿನ ಗೆಲ್ಲು ಮುರಿದು ಬೆಂಕಿಗೆ ಬಡಿದರು. ಇಲ್ಲಿ ಬಡಿದರೆ ಅಲ್ಲಿ ಏಳುತ್ತಿತ್ತು.

"ಮಣ್ಣು ಬೇಕು" ಎಂದ ಮೊಯಿದಿನಬ್ಬ. "ಈ ಕಲ್ಲುನೆಲದಲ್ಲಿ ಎಲ್ಲಿಂದ ತರುವುದು?"

"ಬೇಲಿಯ ಹತ್ತಿರ ರಾಶಿ ಬಿದ್ದಿದೆಯಲ್ಲ, ನನ್ನ ಸುಡುಮಣ್ಣು!" ಎಂದು ಜುಲೈಕಾ ಓಡಿದಳು.

ಆರಿದ, ಹುಡಿಹುಡಿಯಾದ ಮಣ್ಣು. ಬುಟ್ಟಿ ಬುಟ್ಟಿ ಹೊತ್ತು ಸುರಿದರೆ ಬೆಂಕಿ ಉಸಿರೆತ್ತದೆ ಸಾಯುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ರೆಕ್ಕೆಯ ಸದ್ದು ಕೇಳಿತು. ತಾಯಿಹದ್ದು ಗೂಡು ಬಿಟ್ಟು ಎದ್ದು, ಹೊಗೆಯೊಳಗೆ ನುಗ್ಗಿ ಕಾಣೆಯಾಯಿತು.

ಜಲಜಾಕ್ಷಿಯ ಕೈಯ ಬುಟ್ಟಿ ಕೆಳಗೆ ಬಿತ್ತು. "ಹೋದಳು! ಮಗುವನ್ನು ಬಿಟ್ಟು ಹೋದಳಲ್ಲ ಹಾಳಾದವಳು!" ಹೋದ ವರ್ಷ ಅಂಗೈಯಲ್ಲಿ ತಣ್ಣಗೆ ಮಲಗಿದ್ದ ಮರಿಯ ನೆನಪಾಗಿ ಅವಳಿಗೆ ಅಳು ಒತ್ತರಿಸಿ ಬಂತು.

"ಆಮೇಲೆ ಅಳುವಾ ಜಲಜಕ್ಕ, ಈಗ ಮಣ್ಣು ಹಾಕುವಾ" ಎಂದು ಜುಲೈಕಾ ಬುಟ್ಟಿ ಎತ್ತಿ ಅವಳ ಕೈಗೇ ಕೊಟ್ಟಳು.

ಹಾಕಿದರು. ಬೇಲಿಯ ಒಂದು ಮೂಲೆ ಕರಿಯಾಯಿತು, ಅಲ್ಲಿಗೇ ಬೆಂಕಿ ನಿಂತಿತು. ಗೂಡಿನಿಂದ ಒಂದು ಸದ್ದೂ ಇಲ್ಲ. ಜಲಜಾಕ್ಷಿ ಕಪ್ಪು ಮೋರೆಯಲ್ಲಿ ಮರದ ಬುಡದಲ್ಲಿ ಕುಳಿತಳು. ಜುಲೈಕಾ ಕೊಟ್ಟ ನೀರನ್ನೂ ಕುಡಿಯಲಿಲ್ಲ.

ಹೊಗೆ ತೆಳುವಾದ ಮೇಲೆ ಗುಡ್ಡೆಯ ಕಡೆಯಿಂದ ತಾಯಿಹದ್ದು ಬಂತು. ಬೆಂಕಿಗೆ ಹೆದರಿ ಹೊರಬಿದ್ದ ಹಾವೊಂದು ಅದರ ಕೊಕ್ಕಿನಲ್ಲಿ ನೇತಾಡುತ್ತಿತ್ತು. ಗೂಡಿನ ಅಂಚಿಗೆ ಇಳಿದದ್ದೇ, ಒಳಗಿನಿಂದ ಹಸಿದ ಮರಿಯ ಕೂಗು ಊರಿಗೆಲ್ಲ ಕೇಳುವಂತೆ ಎದ್ದಿತು.

ಜಲಜಾಕ್ಷಿ ಬಾಯಿಬಿಟ್ಟು ನೋಡಿದಳು. "ನಾನಿಲ್ಲಿ ಎದೆ ಬಡಿದುಕೊಂಡು ಅಳ್ತಾ ಇದ್ದೇನೆ, ಇವಳು ಪೇಟೆಗೆ ಹೋಗಿದ್ದಾಳೆ!"

"ಮತ್ತೆ? ಬೆಂಕಿ ಬಂತು ಅಂತ ಮಗುವಿಗೆ ಹಸಿವಾಗದೆ ಇರ್ತದಾ?" ಎಂದಳು ಜುಲೈಕಾ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅಗ್ನಿಶಾಮಕದವರು ಬಂದು ಅಳಿದುಳಿದ ಕೆಂಡಕ್ಕೆ ನೀರು ಹೊಯ್ಯುತ್ತಿದ್ದಾಗ ಲೋಕನಾಥ ಓಡೋಡಿ ಬಂದ. ಹೋಟೆಲು ಮುಚ್ಚಿ ಬಂದಿದ್ದ. ಹೆಗಲಿನ ಮೇಲೆ ಮೇಜು ಒರೆಸುವ ಬಟ್ಟೆ ಇನ್ನೂ ಇತ್ತು. ಹೆಂಡತಿಯ ಮಸಿ ಹಿಡಿದ ಮುಖ ನೋಡಿದ. ಮತ್ತೆ ಮರದ ತುದಿಯ ಕಡೆ ಕತ್ತೆತ್ತಿ, ಮೆಲ್ಲಗೆ ಕೇಳಿದ.

"ಮೊಮ್ಮಗು ಹೇಗುಂಟು?"

"ಊಟ ಮಾಡ್ತಾ ಉಂಟು" ಎಂದಳು ಜಲಜಾಕ್ಷಿ.