ಹಾರನ್ನಿಗೆ ಒಂದು ಚೂರು ಬೆಲ್ಲ

ಜಂಬಯ್ಯ ಇಪ್ಪತ್ತು ವರ್ಷ ಜಟಕಾ ಹೊಡೆದವನು. ಪಾಪಿನಾಯಕನಹಳ್ಳಿಯ ತರಕಾರಿ ಹೆಂಗಸರನ್ನು ಹೊಸಪೇಟೆ ಮಾರ್ಕೆಟ್ಟಿಗೆ ಮುಟ್ಟಿಸುವುದು ಅವನ ಕಸುಬು. ಚಾಟಿಯಿಲ್ಲದೆ ಕುದುರೆ ನಡೆಯುತ್ತದೆ ಎಂದು ಯಾರಾದರೂ ಹೇಳಿದ್ದರೆ, ಅಂಥವರ ತಲೆ ನೆಟ್ಟಗಿಲ್ಲ ಎನ್ನುತ್ತಿದ್ದ.

ಆ ವರ್ಷ ಸಂಡೂರಿನ ಗುಡ್ಡಗಳೆಲ್ಲ ಲಾರಿ ಹತ್ತಿ ಹೊರಟಿದ್ದವು. ಮರ, ಗೋಡೆ, ಒಣಹಾಕಿದ ಬಟ್ಟೆ, ಕೊನೆಗೆ ತಿನ್ನುವ ಮೊಸರನ್ನದ ಮೇಲೂ ಕೆಂಪು ಧೂಳು. ಒಂದು ಬೆಳಿಗ್ಗೆ ಅದಿರು ಲಾರಿ ಹಿಂದಿನಿಂದ ಹಾರನ್ ಹೊಡೆದಾಗ ಅವನ ಹೆಣ್ಣು ಕುದುರೆ ಕೆಂಚಿ ಬೆದರಿತು. ಸುಮ್ಮನೆ ನಿಲ್ಲಿಸಿಕೊಂಡಿದ್ದರೆ ಲಾರಿ ತನ್ನ ಪಾಡಿಗೆ ಹೋಗುತ್ತಿತ್ತು. ಇವನು ಗಾಬರಿಯಲ್ಲಿ ಚಾಟಿ ಬೀಸಿದ. ಕೆಂಚಿ ಖಾಲಿ ಜಟಕಾ ಸಮೇತ ಮೋರಿಗೆ ಹಾರಿ ಹಿಂಗಾಲು ಕೆಡಿಸಿಕೊಂಡಿತು.

ದನದ ಆಸ್ಪತ್ರೆಯ ತ್ರಿವೇಣಿ ಡಾಕ್ಟರು ಬಂದು ಕಾಲು ಒತ್ತಿ ನೋಡಿದರು.

“ಎಲುಬು ಮುರಿದಿಲ್ಲ, ನಡೀತದ. ಆದ್ರ ಹೊಡದು ನಡಸಬ್ಯಾಡ್ರಿ. ಸರಿ ಹೆಜ್ಜಿ ಇಟ್ಟ ಕೂಡ್ಲೇ ಒಂದು ಸಪ್ಪಳ ಮಾಡ್ರಿ, ಚೂರು ಬೆಲ್ಲ ಕೊಡ್ರಿ. ಯಾವುದಕ್ಕ ಬೆಲ್ಲ ಸಿಗ್ತದೋ ಅದನ್ನ ಕುದುರಿ ಕಲೀತದ.”

ಜಂಬಯ್ಯ ನಾಲಿಗೆಯಿಂದ ಟಕ್ ಅನ್ನಿಸಿದ. “ಇದಾಗ್ತದನ್ರಿ?”

“ಅದು ನಿಮ್ಮ ಕಸುಬಿನಾಗ ‘ನಡಿ’ ಅನ್ನೋ ಸಪ್ಪಳ. ಬ್ಯಾರೆ ಹುಡುಕ್ರಿ.”

ಕೊನೆಗೆ ‘ಭೇಷ್’ ಎಂಬ ಮಾತು ನಿಗದಿಯಾಯಿತು. ದಿನಾ ಬಿಸಿನೀರಿನ ಕಾವು, ಕಾಲುವೆಯ ಮೊಣಕಾಲುದ್ದ ನೀರಿನಲ್ಲಿ ನಡಿಗೆ, ಆಮೇಲೆ ನೆಲದ ಮೇಲೆ ಅಡ್ಡ ಇಟ್ಟ ಬಿದಿರಿನ ಗಳ ದಾಟುವುದು. ಒಂದು ಹೆಜ್ಜೆ, ಒಂದು ಭೇಷ್, ಒಂದು ಚೂರು ಬೆಲ್ಲ. ಚಾಟಿಯನ್ನು ಅವನೇ ಒಲೆಗೆ ಹಾಕಿದ.

“ಇಷ್ಟು ವರ್ಷದಾಗ ನನಗೊಂದು ಭೇಷ್ ಅಂದೀಯೇನು?” ಎಂದು ಹೆಂಡತಿ ಭೀಮವ್ವ ಚುಚ್ಚುತ್ತಿದ್ದಳು. ಜಂಬಯ್ಯ ನಾಳೆಯ ಪಾಠಕ್ಕೆ ಬೆಲ್ಲ ಒಡೆಯುತ್ತ ಕೂರುತ್ತಿದ್ದ.

ಮೂರು ತಿಂಗಳಿಗೆ ಕುಂಟು ಅರ್ಧ ಇಳಿಯಿತು. ಹಾರನ್ ಕೇಳಿದರೆ ಮಾತ್ರ ಕೆಂಚಿ ಹಗ್ಗ ಕಿತ್ತುಕೊಂಡು ಓಡುತ್ತಿತ್ತು. ಹೀಗಾದರೆ ಜಟಕಾ ಕಟ್ಟುವುದು ಹೇಗೆ?

“ಓಡ್ಲಿ ಬಿಡ್ರಿ,” ಎಂದರು ಡಾಕ್ಟರು. “ಆ ಅಂಜಿಕಿ ಇರ್ಲಿ. ಈಗ ಕಾಲಷ್ಟ ನೋಡ್ಕೋರಿ.”

ಜಂಬಯ್ಯ ಹೂಂ ಅಂದ. ಆದರೆ ತಾನು ಚಾಟಿ ಬೀಸಿದ್ದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅವತ್ತು ಕೆಂಚಿ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಹಾಗಿದ್ದರೆ ನಿಲ್ಲುವುದನ್ನೇ ಕಲಿಸಬೇಕು. ರಸ್ತೆ ಪಕ್ಕದ ಬೇವಿನ ಮರದಡಿ ಅದನ್ನು ಹಿಡಿದು ನಿಂತ. ಹಾರನ್ ಆದಾಗ ಕದಲದೆ ತನ್ನ ಕಡೆ ಕತ್ತು ತಿರುಗಿಸಿದರೆ ಭೇಷ್, ಬೆಲ್ಲ. ಪಾಠಕ್ಕೆ ಲಾರಿಗಳ ಬರ ಇರಲಿಲ್ಲ. ಎರಡು ತಿಂಗಳಲ್ಲಿ ಕೆಂಚಿ ಹಾರನ್ನಿಗೆ ಕಲ್ಲಾಗಿ ನಿಲ್ಲುವುದನ್ನು ಕಲಿತಿತು. ಇದನ್ನು ಡಾಕ್ಟರಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಅವನಿಗೆ ಮಕ್ಕಳ ಹಾಗೆ ಆಸೆಯಾಗಿತ್ತು.

ಒಂದು ಬೆಳಿಗ್ಗೆ ಭೀಮವ್ವನನ್ನು ನೋಡಲು ಕರೆದು, ರಸ್ತೆಗೆ ಹತ್ತಿದ ಅಂಗಳದಲ್ಲಿ ಕೆಂಚಿಯ ಹಗ್ಗ ಬಿಚ್ಚಿದ. ಕೆಂಚಿ ಕುಂಟಲಿಲ್ಲ. ಗಳ ದಾಟುವಂತೆ ಒಂದೊಂದೇ ಕಾಲೆತ್ತಿ, ರಸ್ತೆಯಾಚೆ ಒಟ್ಟಿದ್ದ ಹಸಿ ಮೇವಿನ ಕಡೆ ಹೊರಟಿತು. ಜಂಬಯ್ಯನ ಕಣ್ಣು ತುಂಬಿದ್ದರಿಂದ ಅದು ರಸ್ತೆಗಿಳಿದದ್ದು ತಡವಾಗಿ ಕಂಡಿತು. ನಾಲ್ಕು ಹೆಜ್ಜೆ ಹಾಕಿದ್ದರೆ ಆಚೆ ಸೇರುತ್ತಿತ್ತು.

ತಿರುವಿನಲ್ಲಿ ಲಾರಿ ಹಾರನ್ ಹೊಡೆಯಿತು.

ಕೆಂಚಿ ನಿಂತಿತು. ಕತ್ತು ತಿರುಗಿಸಿ ಅವನನ್ನು ನೋಡಿತು.

ಜಂಬಯ್ಯ ಟಕ್ ಟಕ್ ಅನ್ನಿಸಿದ, “ನಡೀ, ಕೆಂಚೀ, ನಡೀ” ಎಂದು ಕೂಗುತ್ತ ಓಡಿದ. ಅದು ಕಿವಿ ಮುಂದೆ ಮಾಡಿ, ಅವನ ಬಾಯನ್ನೇ ನೋಡುತ್ತ ಕಾಯಿತು. ಇಪ್ಪತ್ತು ವರ್ಷದ ರೂಢಿಯಿಂದ ಅವನ ಬಲಗೈ ಚಾಟಿ ಹುಡುಕಿತು. ಡ್ರೈವರ್ ಬ್ರೇಕ್ ಒತ್ತಿದ್ದ, ಆದರೆ ಗುಡ್ಡದಷ್ಟು ಅದಿರು ಹೇರಿದ ಲಾರಿ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ.

ಅವನು ಹೋಗಿ ತಲೆಯ ಹತ್ತಿರ ಕೂತಾಗ ಕೆಂಚಿಗೆ ಇನ್ನೂ ಉಸಿರಿತ್ತು. ಅದರ ತುಟಿ ಅವನ ಅಂಗೈಯನ್ನು ತಡಕುತ್ತಿತ್ತು. ಅದು ಹೇಳಿಕೊಟ್ಟದ್ದನ್ನೇ ಮಾಡಿತ್ತು, ಒಂದು ಚೂರೂ ತಪ್ಪಿರಲಿಲ್ಲ.

ಜಂಬಯ್ಯ ಕಿಸೆಯಿಂದ ಬೆಲ್ಲ ತೆಗೆದು ಅದರ ಬಾಯಿಗಿಟ್ಟ.

“ಭೇಷ್,” ಎಂದ.