ಫಾರಂನಲ್ಲಿ ಇಲ್ಲದ ಸಕ್ಕರೆ

ಅರ್ದಬೀಲ್ ಪಟ್ಟಣದ ಸರ್ಕಾರಿ ದಂತ ಚಿಕಿತ್ಸಾಲಯದಲ್ಲಿ ಡಾಕ್ಟರ್ ಸೋಲ್ಮಾಜಳಷ್ಟು ಶಿಸ್ತಿನವರು ಇನ್ನೊಬ್ಬರಿರಲಿಲ್ಲ. ಯಾರ ಹಲ್ಲಿಗೆ ಹುಳುಕಿನ ಅಪಾಯ ಎಷ್ಟು ಎಂದು ಅಳೆಯಲು ಮೇಲಿನವರು ಹೊರದೇಶದಿಂದ ತರಿಸಿ ಕಳಿಸಿದ್ದ ಫಾರಂಗಳನ್ನು ಉಳಿದ ವೈದ್ಯರು ಮಡಚಿ, ಅಲ್ಲಾಡುವ ಮೇಜಿನ ಕಾಲಿಗೆ ಕೊಟ್ಟಿದ್ದರು. ಇವಳು ಮಾತ್ರ ಬಂದವರನ್ನೆಲ್ಲ ಕೂರಿಸಿಕೊಂಡು ಒಂದೊಂದು ಪ್ರಶ್ನೆಯನ್ನೂ ಕೇಳಿ ತುಂಬಿಸುತ್ತಿದ್ದಳು. ಅದರ ಬಗ್ಗೆ ಕೊಂಚ ಜಂಬವೂ ಇತ್ತು. ಇರಲಿ ಬಿಡಿ, ದುಡಿದವರಿಗೆ ಅಷ್ಟಾದರೂ ಬೇಡವೇ?

ಎದುರಿಗೆ ಚಹಾದಂಗಡಿ ಇಟ್ಟಿದ್ದ ಖದೀರ್ ಮಾವನ ಬಲಗಡೆಯ ದವಡೆಹಲ್ಲುಗಳನ್ನು ಯೌವನದಲ್ಲೇ ಒಂದು ಕುದುರೆ ಒದ್ದು ಉದುರಿಸಿತ್ತು. ರೊಟ್ಟಿ ಅಗಿಯಲು ಉಳಿದದ್ದು ಎಡಗಡೆ ಮಾತ್ರ. ಅದೂ ಹೋದರೆ ಮುದುಕ ರೊಟ್ಟಿಯನ್ನು ನೆನೆಸಿಯೇ ನುಂಗಬೇಕು. ಚಳಿಗಾಲದಲ್ಲಿ ಬಂದಾಗ ಫಾರಂ ‘ಅಪಾಯ ಕಡಿಮೆ’ ಎಂದಿತ್ತು. ವರ್ಷ ಬಿಟ್ಟು ಬನ್ನಿ ಎಂದು ಕಳಿಸಿದ್ದಳು. ನಾಲ್ಕೇ ತಿಂಗಳಿಗೆ ಅವನು ಕೆನ್ನೆ ಹಿಡಿದುಕೊಂಡು ಬಂದ.

“ನಿನ್ನ ಕಾಗದ ಒಂದು ವರ್ಷ ಅಂದಿತ್ತಲ್ಲ ಮಗಳೇ, ಹಲ್ಲಿಗೆ ಯಾರೂ ಹೇಳ್ಲಿಲ್ವಾ?”

ಎಡಗಡೆಯ ಕೆಳಗಿನ ದವಡೆಹಲ್ಲು ಹುಳುಕಾಗಿತ್ತು, ಪುಣ್ಯಕ್ಕೆ ನರ ಮುಟ್ಟಿರಲಿಲ್ಲ. ಮೇಲಿನದರ ಮೇಲೆ ಹುಳುಕಿನ ಮೊದಲ ಗುರುತಾದ ಬಿಳಿ ಕಲೆ ಆಗಲೇ ಶುರುವಾಗಿತ್ತು. ಸೋಲ್ಮಾಜ ಮತ್ತೆ ಫಾರಂ ತೆಗೆದಳು.

“ಸಿಹಿತಿಂಡಿ ತಿಂತೀರಾ ಮಾವ?”

“ಹಬ್ಬಕ್ಕೊಂದ್ಸಲ.”

“ಚಹಾಕ್ಕೆ ಸಕ್ಕರೆ ಹಾಕ್ಕೋತೀರಾ?”

“ಛೀ! ಒಳ್ಳೇ ಚಹಾನ ಯಾರಾದ್ರೂ ಕೆಡಿಸ್ತಾರಾ?”

ಅವನು ಸುಳ್ಳು ಹೇಳುವವನಲ್ಲ. ಅದೇ ಅವಳಿಗೆ ತಲೆನೋವಾಯಿತು.

ಹುಳುಕು ತೆಗೆದು ಹಲ್ಲು ತುಂಬಿಸಿದ ಮೇಲೆ ಅವನು ಬಿಡದೆ ಅಂಗಡಿಗೆ ಕರೆದೊಯ್ದ. ಸೋಲ್ಮಾಜ ಆ ಊರಿನವರ ಅಭ್ಯಾಸದಂತೆ ಗಟ್ಟಿ ಸಕ್ಕರೆಯ ತುಂಡೊಂದನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು ಬಿಸಿ ಚಹಾ ಹೀರಿದಳು. ಅರ್ಧಕ್ಕೇ ಲೋಟ ಕೆಳಗಿಟ್ಟಳು. ಸುತ್ತ ಕೂತ ಪ್ರತಿಯೊಬ್ಬನ ಕೆನ್ನೆಯಲ್ಲೂ ಒಂದೊಂದು ತುಂಡು ಕರಗುತ್ತಿತ್ತು.

“ಮಾವ, ದಿನಕ್ಕೆ ಎಷ್ಟು ಲೋಟ?”

“ಅಂಗಡಿ ನಂದೇ, ಕೇಳೋರ್ಯಾರು? ಇಪ್ಪತ್ತು ಅನ್ನು.”

“ಪ್ರತಿ ಸಲಾನೂ ಒಂದು ತುಂಡು? ಎಡಗಡೇನೇ?”

“ಬಲಗಡೆ ಕುದುರೆ ಪಾಲಾಯ್ತಲ್ಲ!”

“ಅಯ್ಯೋ, ನಂಗ್ಯಾಕೆ ಹೇಳ್ಲಿಲ್ಲ?”

“ನೀನೂ ಹಿಂಗೇ ಕುಡಿಯೋಳು. ನಿಂಗೆ ಗೊತ್ತಿಲ್ಲ ಅಂತ ನಂಗೇನು ಗೊತ್ತು?”

ಸೋಲ್ಮಾಜಳಿಗೆ ನಾಚಿಕೆಯಾಯಿತು, ಆಮೇಲೆ ತಡೆಯಲಾರದ ನಗು ಬಂತು. ದೂರದ ದೇಶದವರು ಬರೆದ ಪ್ರಶ್ನೆಗಳನ್ನು ಒಂದು ವರ್ಷ ಶ್ರದ್ಧೆಯಿಂದ ಕೇಳಿದವಳು, ತನ್ನ ಬಾಯಲ್ಲಿದ್ದುದನ್ನೇ ಕೇಳಿರಲಿಲ್ಲ. ಮರುದಿನದಿಂದ ಪ್ರತಿ ಫಾರಂನ ಕೆಳಗೂ ಕೈಯಲ್ಲೇ ಒಂದು ಪ್ರಶ್ನೆ ಬರೆದಳು: ದಿನಕ್ಕೆ ಎಷ್ಟು ತುಂಡು? ‘ಅಪಾಯ ಕಡಿಮೆ’ ಎಂದು ಕಳಿಸಿದವರನ್ನೆಲ್ಲ ಒಬ್ಬೊಬ್ಬರಾಗಿ ವಾಪಸು ಕರೆಸಿದಳು. ಖದೀರ್ ಮಾವನ ಹಲ್ಲಿಗೆ ಫ್ಲೋರೈಡ್ ಲೇಪ ಹಚ್ಚಿ, ಗೋಗರೆದು, ಗದರಿಸಿ, ಇಪ್ಪತ್ತು ತುಂಡನ್ನು ಮೂರಕ್ಕೆ ಇಳಿಸಿದಳು.

ಮೂರು ತಿಂಗಳ ನಂತರ ನೋಡಿದರೆ ಬಿಳಿ ಕಲೆ ಹರಡಿರಲಿಲ್ಲ, ಗಟ್ಟಿಯಾಗಿ ಹೊಳೆಯುತ್ತಿತ್ತು; ಹುಳುಕು ಅಲ್ಲಿಗೇ ನಿಂತಿತ್ತು. ಅವಳ ಮನಸ್ಸು ತುಂಬಿ ಬಂತು. ಇಬ್ಬರೂ ಖುಷಿಯಿಂದ ರಸ್ತೆ ದಾಟಿ ಅಂಗಡಿಗೆ ಹೋದರು. ಮುದುಕ ಬರೀ ಚಹಾ ಕುಡಿಯುತ್ತ, ಒಣರೊಟ್ಟಿಯನ್ನು ಕಟಕಟನೆ ಅಗಿದು ತೋರಿಸಿದ. ಆಮೇಲೆ ಅವಳ ಚೀಲದಿಂದ ಒಂದು ಖಾಲಿ ಫಾರಂ ಎಳೆದುಕೊಂಡು ಪೆನ್ನು ಹಿಡಿದ.

“ಹೆಸರು ಸೋಲ್ಮಾಜ. ದಿನಕ್ಕೆ ಎಷ್ಟು ತುಂಡು?”

ಸೋಲ್ಮಾಜ ಬಾಯಲ್ಲಿದ್ದುದನ್ನು ಕೆನ್ನೆಗೆ ಸರಿಸಿದಳು. “ಹನ್ನೆರಡು.”

ಅವನು ‘ಅಪಾಯ ಹೆಚ್ಚು’ ಎಂಬಲ್ಲಿ ಗುರುತು ಹಾಕಿ, ಸಕ್ಕರೆ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ.

“ಮೂರು ತಿಂಗಳಿಗೆ ಬಾ, ಮಗಳೇ.”