ಒದ್ದೆಯಾದರೆ ಕೂಗುವ ಹಾಸು

ಅತ್ತೆಯನ್ನು ಗೋಡೆಯ ಕಡೆಗೆ ಮಗ್ಗುಲಾಗಿಸಿ, ಒದ್ದೆ ಹಾಸನ್ನು ಅವರ ಬೆನ್ನಿನವರೆಗೆ ಸುರುಳಿ ಸುತ್ತಿದ್ದೆ. ಪಕ್ಕಕ್ಕೆ ಒಣ ಹಾಸು ಹರಡಿ, ಅವರನ್ನು ಈ ಕಡೆಗೆ ಹೊರಳಿಸಿದರೆ ಮುಗಿಯಿತು. ಅಷ್ಟರಲ್ಲಿ ಮೈದುನ ಏದುಸಿರು ಬಿಡುತ್ತಾ ಬಂದ.

"ಅತ್ತಿಗೆ, ನಿಲ್ಸಿ ನಿಲ್ಸಿ! ಬದಲಾಯಿಸ್ಬೇಡಿ. ಬಹುಮಾನ ಕೊಡೋರು ದಾರೀಲಿದ್ದಾರೆ. ಅವರ ಮುಂದೇನೇ ಇದು ಕೂಗ್ಬೇಕು."

ಇದು ಎಂದರೆ ಅವನ ಕಂಕುಳಲ್ಲಿದ್ದ, ಅವನ ಕಂಪನಿಯ ಹಾಸು. ಒದ್ದೆಯಾದರೆ ಫೋನಿನಲ್ಲಿ ಕೂಗುತ್ತದೆ. ಹಾಸಿಗೆ ಹಿಡಿದವರ ಕಷ್ಟ ನೀಗಿಸಿದವನೆಂದು ಪೇಪರಿನಲ್ಲಿ ಅವನ ಫೋಟೊ ಬಂದಿತ್ತು.

"ನಿಮ್ಮಮ್ಮನ ಬೆನ್ನಲ್ಲಿ ಹುಣ್ಣಿದೆ ಕಣೋ. ಒದ್ದೇಲಿ ಮಲಗಿಸ್ಬಾರ್ದು."

"ಹತ್ತೇ ನಿಮಿಷ. ಅಮ್ಮಂಗೇನು ಗೊತ್ತಾಗುತ್ತೆ?"

ಅತ್ತೆಗೆ ಹೋಗಿರುವುದು ಮಾತು, ಕಿವಿಯಲ್ಲ. ಅವರು ಕಣ್ಣು ಮುಚ್ಚಿಕೊಂಡರು.

ಅವನು ಬಾಗಿಲಲ್ಲೇ ನಿಂತು ತನ್ನ ಹಾಸನ್ನು ಚಾಚಿದ. ಅದನ್ನು ಕೆಳಗೆ ತೂರಿಸಿದವಳೂ ನಾನೇ, ಒದ್ದೆಯದನ್ನು ಅದರ ಮೇಲೆ ಮತ್ತೆ ಬಿಡಿಸಿದವಳೂ ನಾನೇ. ಆ ಕೈಗಳನ್ನು ಎಷ್ಟು ತೊಳೆದರೂ ತೃಪ್ತಿಯಾಗಲಿಲ್ಲ. ಅವನು ಕೋಣೆಗೆಲ್ಲ ಸೆಂಟು ಸಿಂಪಡಿಸಿದ.

ಮಗಳು ನನ್ನ ಕೈ ಎಳೆದಳು. "ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಮರಿ."

ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ಕೊನೆಗೆ ಮೂವರು ಬಂದರು, ಮೂಗಿಗೆ ಕರವಸ್ತ್ರ ಹಿಡಿದು. ಮೈದುನ ಫೋನು ಒತ್ತಿ ಹಾಸನ್ನು ಚಾಲೂ ಮಾಡಿದ. ಅದು ಕೀಂಯೆಂದು ಕೂಗಿತು. ಚಪ್ಪಾಳೆಯೋ ಚಪ್ಪಾಳೆ.

"ಇಂಥವರು ಯಾಕೆ ಗೆಲ್ತಾರೆ ಹೇಳಿ?" ಎಂದರು ಅವರಲ್ಲಿ ಹಿರಿಯ ಹೆಂಗಸು. "ಕಷ್ಟದ ಜೊತೇಲೇ ಬದುಕಿರ್ತಾರೆ, ಅದಕ್ಕೆ."

"ಅಮ್ಮನ ಸೇವೆ ಮಾಡ್ತಾ ಮಾಡ್ತಾ ಹೊಳೆದದ್ದು, ಮೇಡಂ."

ಐದು ವರ್ಷದಿಂದ ಅತ್ತೆಯ ಹಾಸು ಬದಲಾಯಿಸುತ್ತಿರುವವಳು ನಾನು. ಕೈ ಕೆಸರಾದರೆ ಬಾಯಿ ಮೊಸರಂತೆ. ನಮ್ಮ ಮನೆಯಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಫೋಟೊ ತೆಗೆದರು. ಅತ್ತೆಯ ಮುಚ್ಚಿದ ಕಣ್ಣಿನಿಂದ ನೀರಿಳಿದು ದಿಂಬಿಗೆ ಸೇರುತ್ತಿತ್ತು. ಫೋನು ಕೂಗುತ್ತಲೇ ಇತ್ತು. ಯಾರೂ ಮಂಚದ ಹತ್ತಿರ ಹೋಗಲಿಲ್ಲ. ನಾನು ಒಣ ಹಾಸನ್ನು ಕೈಗೆತ್ತಿಕೊಂಡೆ.

ಮಗಳು ಮತ್ತೆ ಕೈ ಎಳೆದಳು. ಮೈದುನ ಅವಳತ್ತ ಕಣ್ಣು ಬಿಟ್ಟ.

"ಕೇಳು ಮರಿ," ಎಂದೆ. "ಜೋರಾಗಿ ಕೇಳು."

"ಚಿಕ್ಕಪ್ಪಾ, ಅದು ಆಗ್ಲಿಂದ ಕೂಗ್ತಾನೇ ಇದೆಯಲ್ಲ, ನೀನು ಅಜ್ಜಿ ಹಾಸು ಬದಲಾಯ್ಸೋದು ಯಾವಾಗ?"